ಅಜ್ಜನ ಹಳೇ ಜೋಡಿ ನಳಿಗೆ ಬಂದೂಕಿಗೆ ಸ್ಕ್ರೂ ಚೋಕ್ ಹಾಕಿಸಬಹುದಾ?

ಹಾನಗಲ್_ಹೊಲ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾನಗಲ್ ತಾಲ್ಲೂಕು. ಅಜ್ಜನ ಕಾಲದ ಒಂದು ಬಂದೂಕು ಮನೆಯಲ್ಲಿದೆ. ಅಪ್ಪನ ಹೆಸರಲ್ಲಿದ್ದ ಲೈಸೆನ್ಸ್ ಹೋದ ವರ್ಷ ನನ್ನ ಹೆಸರಿಗೆ ಆಯಿತು. ಈಗ ಮೊದಲ ಸಲ ಅದನ್ನು ಸರಿಯಾಗಿ ಕೈಗೆ ತಗೊಂಡು ನೋಡುತ್ತಿದ್ದೇನೆ.

ಇದು ಸಾಮಾನ್ಯ ಡಬಲ್ ಬ್ಯಾರಲ್ ಅಲ್ಲ. ಒಂದರ ಮೇಲೊಂದು ನಳಿಗೆ. ಮೇಲಿನದು 12 ಬೋರ್, ಚರೆ (ಸಣ್ಣ ಸಣ್ಣ ಗುಂಡು) ತುಂಬಿದ ತೋಟಾ ಹಾಕುವುದು. ಕೆಳಗಿನದು ರೈಫಲ್, 7×57 ಆರ್ ಅನ್ನುವ ತೋಟಾದ್ದು. ಲೈಸೆನ್ಸಿನಲ್ಲಿ ಎರಡೂ ಬರೆದಿದೆ. ನಳಿಗೆ ಮುರಿದು ಅಡಿಯಲ್ಲಿ ನೋಡಿದರೆ ಸಣ್ಣ ಸಣ್ಣ ಮುದ್ರೆಗಳಿವೆ, ಸೂಲ್ ಅಂತ ಊರಿನ ಹೆಸರಿದೆ, ಪಕ್ಕದಲ್ಲಿ 638 ಅಂತ ಒಂದು ಅಂಕಿ. ಅದು ಏನು ಅಂತ ಗೊತ್ತಾಗಲಿಲ್ಲ.

ಚರೆ ನಳಿಗೆ ಬಹಳ ಬಿಗಿ ಚೋಕ್, ಅಂದರೆ ಬಾಯಿಯ ಹತ್ತಿರ ಬಹಳ ಕಿರಿದು, ಅಂತ ಅಪ್ಪ ಹೇಳುತ್ತಿದ್ದರು. ಈಚೆಗೆ ವಿಡಿಯೋಗಳಲ್ಲಿ ನೋಡಿದೆ, ಹೊರದೇಶದಲ್ಲಿ ಹಳೇ ಬಂದೂಕಿನ ಬಾಯಿ ಕೊರೆಸಿ ಒಳಗೆ ಥ್ರೆಡ್ ಹಾಕಿಸಿ ಬೇರೆ ಬೇರೆ ಚೋಕ್ ತಿರುಗಿಸಿ ಕೂರಿಸುತ್ತಾರೆ, ಬೇಟೆಗೆ ಒಂದು, ಹಾರುವ ಗುರಿಗೆ ಇನ್ನೊಂದು. ನನಗೂ ಹಾಗೆ ಮಾಡಿಸಬೇಕು ಅನಿಸಿದೆ. ಎರಡು ಕಾರಣ. ಒಂದು, ಗೋವಿನಜೋಳಕ್ಕೆ ಕಾಡುಹಂದಿ ಕಾಟ ವಿಪರೀತ, ಒಂದು ರಾತ್ರಿಗೆ ಅರ್ಧ ಎಕರೆ ಮಲಗಿಸಿ ಹೋಗುತ್ತವೆ, ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಕಾಯುತ್ತಿದ್ದೇವೆ. ಎರಡು, ನನಗೆ ಟ್ರ್ಯಾಪ್ ಶೂಟಿಂಗ್ (ಹಾರಿಬಿಟ್ಟ ಬಿಲ್ಲೆಗೆ ಹೊಡೆಯುವ ಆಟ) ಕಲಿಯುವ ಆಸೆ ಇದೆ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಒಳ್ಳೊಳ್ಳೆ ಲೇತ್ ಮಷಿನ್‌ಗಳಿವೆಯಲ್ಲ, ಅಲ್ಲಿ ಕೊರೆಸಿ ಥ್ರೆಡ್ ಹಾಕಿಸಿದರೆ ಆಗುತ್ತದಾ? ಚೋಕ್ ಟ್ಯೂಬ್ ಮಾತ್ರ ಎಲ್ಲಿಂದಾದರೂ ತರಿಸಿದರೆ ಸಾಕಾ? ತಿಳಿದವರು ಹೇಳಿ.

ವರ್ಕ್‌ಶಾಪ್_ಮಾಸ್ತರ, ಹುಬ್ಬಳ್ಳಿ

ತಮ್ಮಾ, ಮೊದಲು ಒಂದು ಮಾತು. ಗೋಕುಲ ರಸ್ತೆಗೆ ಅದನ್ನು ತಗೊಂಡು ಹೋಗಬೇಡ. ನಾನು ಜೀವನವೆಲ್ಲ ಲೇತ್ ಮುಂದೆ ನಿಂತವನು, ಮನೆಯಲ್ಲಿ ಲೈಸೆನ್ಸ್ ಬಂದೂಕೂ ಇದೆ. ಅದಕ್ಕೇ ಹೇಳುತ್ತಿದ್ದೇನೆ. ಬಂದೂಕು ರಿಪೇರಿ, ಬದಲಾವಣೆ, ಇವನ್ನು ಅದಕ್ಕೇ ಅಂತ ಲೈಸೆನ್ಸ್ ಇರುವವರು ಮಾತ್ರ ಮಾಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಅದು. 2019ರ ತಿದ್ದುಪಡಿ ಆದ ಮೇಲೆ ಅದನ್ನು ಮೀರಿದರೆ ಕನಿಷ್ಠ 7 ವರ್ಷ ಜೈಲು. ಪಾಪ, ಲೇತ್ ಅಂಗಡಿಯವನಿಗೆ ಇದು ಗೊತ್ತೇ ಇರುವುದಿಲ್ಲ. ನೀನು ಕೊಟ್ಟೆ, ಅವನು ಮಾಡಿದ, ಇಬ್ಬರೂ ಸಿಕ್ಕಿಬಿದ್ದ ಹಾಗೆ.

ಕಾನೂನು ಪಕ್ಕಕ್ಕಿಟ್ಟರೂ ಕೆಲಸ ಆ ಲೇತ್‌ನಲ್ಲಿ ಸರಿ ಬರುವುದಿಲ್ಲ. ಯಾಕೆ ಅಂದರೆ ನಾವು ಚಕ್‌ನಲ್ಲಿ ಹಿಡಿಯುವುದು ಹೊರಮೈಯನ್ನು. ಹಳೇ ನಳಿಗೆಯಲ್ಲಿ ಹೊರಮೈ ಮತ್ತು ಒಳಗಿನ ರಂಧ್ರ ಎರಡರ ಮಧ್ಯಬಿಂದು ಒಂದೇ ಇರುವುದಿಲ್ಲ, ಕೈಯಿಂದ ಅರ ಹಾಕಿ ಸವರಿದ ಹೊರಮೈ ಅದು. ಹೊರಗಿನಿಂದ ಹಿಡಿದು ಕೊರೆದರೆ ಟ್ಯೂಬ್ ಸೊಟ್ಟ ಕೂರುತ್ತದೆ, ಒಂದು ಬದಿ ಗೋಡೆ ದಪ್ಪ, ಇನ್ನೊಂದು ಬದಿ ತೆಳ್ಳಗೆ. ಬಲ್ಲವರು ರೀಮರ್‌ನ (ರಂಧ್ರ ಅಗಲ ಮಾಡುವ ಹತಾರ) ಮುಂದೆ ಪೈಲಟ್ ಅನ್ನುವ ದಾರಿ ಹಿಡಿಸುವ ತುಂಡು ಹಾಕಿ, ಆ ಪೈಲಟ್ ಬೋರ್ ಒಳಗೇ ಓಡುವ ಹಾಗೆ ಮಾಡಿ, ಬೋರನ್ನೇ ಆಧಾರ ಇಟ್ಟುಕೊಂಡು ಕೊರೆಯುತ್ತಾರೆ. ನಿನ್ನದರಲ್ಲಿ ಎರಡು ನಳಿಗೆ ಬೆಸೆದುಕೊಂಡಿವೆ, ಅದನ್ನು ಚಕ್‌ಗೆ ಸಿಕ್ಕಿಸಿ ತಿರುಗಿಸುವುದೇ ದೊಡ್ಡ ಫಜೀತಿ.

ಈಗ ಲೆಕ್ಕ. 12 ಬೋರ್ ಒಳವ್ಯಾಸ ಸುಮಾರು 18.5 ಮಿ.ಮೀ. ಬಹಳ ಕಡೆ ನಡೆಯುವ ಸ್ಕ್ರೂ ಚೋಕ್‌ಗಳ ಥ್ರೆಡ್ 13/16 ಇಂಚು, ಅಂದರೆ 20.6 ಮಿ.ಮೀ. ನಿನ್ನ ನಳಿಗೆಯ ಬಾಯಿಯ ಹತ್ತಿರ ಹೊರಗಿನಿಂದ ವರ್ನಿಯರ್ ಹಿಡಿ. 21.2 ಬಂತು ಅಂತ ಇಟ್ಟುಕೋ. 21.2ರಲ್ಲಿ 20.6 ಕಳೆದರೆ 0.6. ಎರಡು ಬದಿಗೆ ಹಂಚಿದರೆ 0.3 ಮಿ.ಮೀ. ಮೂರು ಹಾಳೆ ಕಾಗದ ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಅಷ್ಟು ಕಬ್ಬಿಣ ನಿನ್ನ ಎಡಗೈಯ ಮುಂದೆ ಇರುತ್ತದೆ. ಅದೂ ಸರಿಯಾಗಿ ನಡುಮಧ್ಯೆ ಕೊರೆದರೆ! ಇದಕ್ಕಿಂತ ತೆಳ್ಳಗಿನ ಟ್ಯೂಬ್ ಮಾಡುವವರು ಇಂಗ್ಲೆಂಡ್‌ನಲ್ಲಿ ಇದ್ದಾರೆ, ಅವರೂ ಮೊದಲು ಗೋಡೆಯ ದಪ್ಪ ಅಳೆದೇ ಹೂಂ ಅನ್ನುವುದು.

ಇನ್ನೊಂದು, ಎರಡು ನಳಿಗೆಗಳನ್ನು ಪಟ್ಟಿ ಇಟ್ಟು ಬೆಸುಗೆ ಹಾಕಿರುತ್ತಾರೆ, ಬಹಳಷ್ಟರಲ್ಲಿ ತವರದ ಬೆಸುಗೆ. ಬಾಯಿಯ ಹತ್ತಿರ ನಡುವೆ ಒಂದು ಸಣ್ಣ ಬೆಣೆ. ರೈಫಲ್ ಗುಂಡು ಮತ್ತು ಚರೆ ಎರಡೂ ಒಂದೇ ಕಡೆ ಬೀಳಬೇಕು ಅಂತ ಕಾರ್ಖಾನೆಯಲ್ಲಿ ಹೊಡೆದು ನೋಡಿ, ಸರಿಮಾಡಿ, ಮತ್ತೆ ಹೊಡೆದು ಕೂರಿಸಿದ್ದು ಅದು. ಅಲ್ಲಿ ಬಿಸಿ ತಾಗಿ ಬೆಸುಗೆ ಸ್ವಲ್ಪ ಬಿಟ್ಟರೆ ರೈಫಲ್ ಗುರಿ ಎತ್ತಲೋ ಹೋಗುತ್ತದೆ. ಮತ್ತೆ ಕೂರಿಸುವ ಕೈ ಈಗ ನಮ್ಮ ಕಡೆ ನನಗಂತೂ ಕಂಡಿಲ್ಲ. ಮತ್ತೆ ಕಪ್ಪು ಬಣ್ಣ ಹಾಕಿಸುತ್ತೇನೆ ಅಂತ ಬಿಸಿ ಕಾಸ್ಟಿಕ್ ದ್ರಾವಣದಲ್ಲಿ ಅದ್ದಿಸಲೇಬೇಡ, ಆ ದ್ರಾವಣ ತವರವನ್ನೇ ತಿನ್ನುತ್ತದೆ.

638 ಅಂದರೆ 1938ರ ಜೂನ್. ಪ್ರೂಫ್ ಪರೀಕ್ಷೆ, ಅಂದರೆ ಜಾಸ್ತಿ ಒತ್ತಡದ ತೋಟಾ ಹೊಡೆದು ನಳಿಗೆ ತಡೆಯುತ್ತದಾ ಅಂತ ನೋಡುವ ಪರೀಕ್ಷೆ, ಆದ ತಿಂಗಳು, ವರ್ಷ. ಸೂಲ್ ಜರ್ಮನಿಯ ಬಂದೂಕಿನ ಊರು. ಈ ತರದ್ದಕ್ಕೆ ಅವರು ಬೊಕ್‌ಬ್ಯುಕ್ಸ್‌ಫ್ಲಿಂಟೆ ಅನ್ನುತ್ತಾರೆ, ಮೂರು ನಳಿಗೆ ಇದ್ದರೆ ಡ್ರಿಲ್ಲಿಂಗ್. ನಿನ್ನ ಅಜ್ಜ ಒಳ್ಳೇ ಮಾಲೇ ಇಟ್ಟಿದ್ದಾರೆ.

ಧಾರವಾಡ_ಟ್ರ್ಯಾಪ್

ಮಾಸ್ತರ್ ಹೇಳಿದ್ದೆಲ್ಲ ಸರಿ. ನಾನು ಚೋಕ್‌ಗಿಂತ ಮೊದಲು ಕೇಳುವುದು ಚೇಂಬರ್, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗ. 1938ರ ಜರ್ಮನ್ ಬಂದೂಕು ಅಂದರೆ ಚೇಂಬರ್ 65 ಮಿ.ಮೀ. ಇರುವ ಸಾಧ್ಯತೆ ಜಾಸ್ತಿ. ಈಗ ಟ್ರ್ಯಾಪ್‌ಗೆ ಸಿಗುವ ತೋಟಾ ಹೆಚ್ಚಿನವು 70. ಇಲ್ಲೇ ಜನ ಮೋಸ ಹೋಗುವುದು. 70ರ ತೋಟಾ 65ರ ಚೇಂಬರ್‌ಗೆ ಆರಾಮಾಗಿ ಹೊಕ್ಕುತ್ತದೆ, ಬಂದೂಕು ಮುಚ್ಚಿಕೊಳ್ಳುತ್ತದೆ, ಏನೂ ತಡೆಯುವುದಿಲ್ಲ. ಯಾಕೆಂದರೆ 70 ಅನ್ನುವುದು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ಉದ್ದ. ಹೊಡೆಯುವ ಮುಂಚೆ ಮಡಚಿದ್ದಾಗ ಅದು ಗಿಡ್ಡ ಇರುತ್ತದೆ. ಹೊಡೆದಾಗ ಆ ಮಡಿಕೆ ಬಿಚ್ಚಲು ಜಾಗ ಸಾಲದೆ ಮುಂದಿನ ಕಿರಿದಾದ ಭಾಗಕ್ಕೆ ನುಗ್ಗಿ ಚರೆಯ ದಾರಿ ಬಿಗಿ ಮಾಡುತ್ತದೆ, ಒತ್ತಡ ಏರುತ್ತದೆ. ಒಳಗೆ ಹೋಯಿತು ಅಂದ ಮಾತ್ರಕ್ಕೆ ಸರಿ ಅಂತಲ್ಲ. ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲಿ ಗೇಜ್ ಹಾಕಿಸಿ ಅಳೆಸಿ. ಅಲ್ಲಿಯವರೆಗೆ ದಯವಿಟ್ಟು ಒಂದೂ ಹೊಡೆಯಬೇಡಿ.

ಚೋಕ್ ವಿಷಯ. ಬಾಯಿಯ ಹತ್ತಿರ ನಳಿಗೆ ಎಷ್ಟು ಕಿರಿದಾಗುತ್ತದೆ ಅನ್ನುವುದೇ ಚೋಕ್. ಸುಮಾರು 1 ಮಿ.ಮೀ. ಕಿರಿದಾದರೆ ಫುಲ್, ಅರ್ಧ ಮಿ.ಮೀ. ಆದರೆ ಹಾಫ್, ಕಾಲು ಮಿ.ಮೀ. ಆದರೆ ಕ್ವಾರ್ಟರ್, ಏನೂ ಇಲ್ಲದಿದ್ದರೆ ಸಿಲಿಂಡರ್. 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ಫುಲ್ ಚೋಕ್ ಸುಮಾರು 70 ಶೇಕಡಾ ಚರೆ ಹಾಕುತ್ತದೆ, ಹಾಫ್ 60, ಸಿಲಿಂಡರ್ 40.

ಈಗ ಕೇಳಿ, ನಿಮಗೆ ಟ್ರ್ಯಾಪ್ ಬೇಕು ಅಂದಿರಿ. ಟ್ರ್ಯಾಪ್‌ನಲ್ಲಿ ಶೂಟರ್ ನಿಲ್ಲುವುದು ಗುರಿ ಹಾರಿಬರುವ ಕಂದಕದಿಂದ 15 ಮೀಟರ್ ಹಿಂದೆ, ಗುರಿ ನಮ್ಮಿಂದ ದೂರ ಓಡುತ್ತಲೇ ಇರುತ್ತದೆ. ಹೊಡೆಯುವಷ್ಟರಲ್ಲಿ 30 ಮೀಟರ್ ದಾಟಿರುತ್ತದೆ. ಅದಕ್ಕೆ ಬಿಗಿ ಚೋಕೇ ಬೇಕು. ನಿಮ್ಮ ಹತ್ತಿರ ಅದೇ ಇದೆಯಲ್ಲ, ಕೊರೆಸುವುದು ಯಾಕೆ? ಸಡಿಲ ಚೋಕ್ ಬೇಕಾಗುವುದು ಸ್ಕೀಟ್‌ಗೆ, ಅಲ್ಲಿ ಗುರಿ ಹತ್ತಿರದಲ್ಲೇ ಅಡ್ಡ ಹಾಯುತ್ತದೆ.

ಅಲ್ಲಿ ಯುರೋಪಿನವರು ಹಳೇ ಬಂದೂಕಿಗೆ ಈಗ ಇದನ್ನು ಜಾಸ್ತಿ ಮಾಡಿಸುವುದಕ್ಕೆ ಬೇರೆ ಕಾರಣ ಇದೆ. 2023ರ ಫೆಬ್ರುವರಿ 15ರಿಂದ ಯುರೋಪಿಯನ್ ಯೂನಿಯನ್‌ನಲ್ಲಿ ಕೆರೆ, ಜೌಗು ಪ್ರದೇಶದಲ್ಲಿ ಮತ್ತು ಅದರ 100 ಮೀಟರ್ ಒಳಗೆ ಸೀಸದ ಚರೆ ಹೊಡೆಯುವ ಹಾಗಿಲ್ಲ. ಹಕ್ಕಿಗಳು ಕಲ್ಲುಹರಳು ಅಂತ ಸೀಸ ನುಂಗಿ ವಿಷವೇರಿ ಸಾಯುತ್ತವೆ. ಸೀಸದ ಬದಲು ಉಕ್ಕಿನ ಚರೆ ಹಾಕಿದರೆ, ಅದು ಮೆತ್ತಗಿಲ್ಲ, ಹಳೇ ಫುಲ್ ಚೋಕ್‌ನಲ್ಲಿ ನಳಿಗೆ ಉಬ್ಬಿಸಿಬಿಡಬಹುದು. ಅದಕ್ಕೆ ಅವರು ಚೋಕ್ ಸಡಿಲ ಮಾಡಿಸಿ ಟ್ಯೂಬ್ ಕೂರಿಸುತ್ತಾರೆ, ಆಮೇಲೆ ಬಂದೂಕನ್ನು ಮತ್ತೆ ಪ್ರೂಫ್ ಹೌಸಿಗೆ ಕಳಿಸುತ್ತಾರೆ. ನಮ್ಮ ತೊಂದರೆ ಅದಲ್ಲ. (ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿದಾಗೆಲ್ಲ ಆ ನಿಯಮ ನೆನಪಾಗುತ್ತದೆ ನನಗೆ. ಒಳ್ಳೇ ನಿಯಮ.)

ಕಪ್ಪತಗುಡ್ಡದ_ಕಡೆಯವ

ನಮ್ಮ ಕಾಕಾ ಇದೇ ಕೆಲಸ ಮಾಡಿಸಿದ್ದರು, ಅದನ್ನು ಹೇಳಿಬಿಡುತ್ತೇನೆ. ಅವರದು ಪಕ್ಕಪಕ್ಕದ ಡಬಲ್ ಬ್ಯಾರಲ್. ಯಾರೋ ಮಾಡಿಕೊಡುತ್ತೇನೆ ಅಂದರು, ಬಲಗಡೆ ನಳಿಗೆಗೆ ಮಾಡಿಸಿದರು. ನೋಡಲು ಬಹಳ ಚಂದ ಇತ್ತು, ಬಾಯಿಯಲ್ಲಿ ಬೆಳ್ಳಿ ಉಂಗುರ ಇಟ್ಟ ಹಾಗೆ.

ಏನು ತಪ್ಪಾಗಿತ್ತು ಅಂದರೆ, ಟ್ಯೂಬಿನ ಹಿಂದಿನ ಅಂಚು ಬೋರ್‌ಗಿಂತ ಕೂದಲೆಳೆಯಷ್ಟು ಕಿರಿದಿತ್ತು. ಅಂಚು ಸ್ವಲ್ಪ ಅಗಲ ಇರಬೇಕಂತೆ, ಚರೆ ಬಂದು ಅದಕ್ಕೆ ಬಡಿಯಬಾರದು. ಇಲ್ಲಿ ಪ್ರತಿ ಸಲ ಬಡಿಯುತ್ತಿತ್ತು. ನಾಲ್ಕನೇ ಹೊಡೆತವೋ ಐದನೆಯದೋ, ಟ್ಯೂಬ್ ಥ್ರೆಡ್ ಸಮೇತ ಕಿತ್ತು ಚರೆಯ ಜೊತೆಗೆ ಹೋಯಿತು. ನಾನು ಪಕ್ಕದಲ್ಲೇ ನಿಂತಿದ್ದೆ, ಆಗ ಕಾಲೇಜಿಗೆ ಹೋಗುತ್ತಿದ್ದೆ. ಸದ್ದೇ ಬೇರೆ ತರ ಬಂತು. ಕಾಕಾ ಬಂದೂಕು ಮುರಿದು ಬೆರಳಲ್ಲಿ ಸವರಿ ನೋಡಿದರು, ಬಾಯಿಯಿಂದ ನಾಲ್ಕು ಬೆರಳು ಕೆಳಗೆ ನಳಿಗೆಯ ಸುತ್ತ ಬಳೆಯಂತೆ ಒಂದು ಉಬ್ಬು. ಕಣ್ಣಿಗೆ ಅಷ್ಟಾಗಿ ಕಾಣುತ್ತಿರಲಿಲ್ಲ, ಬೆಳಕಿಗೆ ಅಡ್ಡ ಹಿಡಿದಾಗ ನೆರಳು ಅಲ್ಲಿ ತಿರುಗುತ್ತಿತ್ತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆ ಬಂದೂಕು ಮತ್ತೆ ಹೊಡೆಯಲಿಲ್ಲ. ಕಾಕಾ ಅದನ್ನು ಬಹಳ ದಿನ ಒರೆಸಿ ಇಡುತ್ತಿದ್ದರು, ಆಮೇಲೆ ಅದೂ ನಿಂತಿತು.

ಹಾನಗಲ್_ಹೊಲ

ಎಲ್ಲರಿಗೂ ಬಹಳ ಧನ್ಯವಾದ. ಕಾಕಾ ಅವರ ಸುದ್ದಿ ಓದಿ ಮೈ ಜುಮ್ಮೆಂದಿತು. ಲೇತ್ ವಿಚಾರ ಬಿಟ್ಟೆ. ಆದರೆ ಇನ್ನೊಂದು ಕೇಳುತ್ತೇನೆ. ಟ್ಯೂಬ್ ಬೇಡ, ಲೈಸೆನ್ಸ್ ಇರುವವರ ಹತ್ತಿರ ಈಗಿನ ಚೋಕನ್ನೇ ಸ್ವಲ್ಪ ರೀಮರ್ ಹಾಕಿ ಸಡಿಲ ಮಾಡಿಸಿದರೆ? ಹಂದಿಗೆ ಎಲ್‌ಜಿ (ದಪ್ಪ ಚರೆಯ ತೋಟಾ) ಹಾಕಬೇಕಾದರೆ ಫುಲ್ ಚೋಕ್ ಸರಿ ಬರುವುದಿಲ್ಲ ಅಂತ ನಮ್ಮೂರ ಹಿರಿಯರು ಹೇಳುತ್ತಾರೆ. ಅದು ನಿಜವಾ?

ವರ್ಕ್‌ಶಾಪ್_ಮಾಸ್ತರ, ಹುಬ್ಬಳ್ಳಿ

ಹಿರಿಯರು ಹೇಳಿದ್ದು ಸುಮ್ನೆ ಅಲ್ಲ. ಎಲ್‌ಜಿಯ ಒಂದೊಂದು ಚರೆ ಸುಮಾರು 9.1 ಮಿ.ಮೀ. ಎರಡು ಅಕ್ಕಪಕ್ಕ ಕೂತರೆ 18.2. ಬೋರ್ 18.5, ಹಾಗಾಗಿ ನಳಿಗೆಯಲ್ಲಿ ಎರಡೆರಡು ಜೊತೆಯಾಗಿ ಸಲೀಸಾಗಿ ಬರುತ್ತವೆ. ಫುಲ್ ಚೋಕ್‌ನ ಬಾಯಿ 17.5. ಅಲ್ಲಿ ಎರಡು ಒಟ್ಟಿಗೆ ಹಿಡಿಸುವುದಿಲ್ಲ. ಒಂದನ್ನೊಂದು ಅಮುಕಿ, ಚಪ್ಪಟೆಯಾಗಿ, ಮೂಲೆ ಮೂಲೆಗೆ ಚೆದುರುತ್ತವೆ. ಬಿಗಿ ಚೋಕ್ ಅಂದರೆ ಒಟ್ಟಾಗಿ ಹೋಗುತ್ತವೆ ಅನ್ನುವ ಲೆಕ್ಕ ದಪ್ಪ ಚರೆಗೆ ತಲೆಕೆಳಗಾಗುತ್ತದೆ. ಇನ್ನು ನಳಿಗೆ ತುಂಬುವ ಅಳತೆಯ ಒಂಟಿ ಸೀಸದ ಗುಂಡು ಇದರಲ್ಲಿ ಖಂಡಿತ ಬೇಡ, ಬಾಯಿಯಲ್ಲಿ ಸಿಕ್ಕಿಕೊಂಡರೆ ನಳಿಗೆ ಹೋಯಿತು.

ಆದರೂ ರೀಮರ್ ಬೇಡ ಅನ್ನುತ್ತೇನೆ. ತೆಗೆದ ಕಬ್ಬಿಣ ಮತ್ತೆ ಬರುವುದಿಲ್ಲ. ಕೆಳಗಿನ ರೈಫಲ್ ನಳಿಗೆ ಇರುವುದೇ ಚರೆಗೆ ನಿಲುಕದ ಕೆಲಸಕ್ಕೆ ಅಲ್ವಾ? ಈ ತರದ ಬಂದೂಕು ಹುಟ್ಟಿದ್ದೇ ಅದಕ್ಕೆ: ಮೊಲ, ಹಕ್ಕಿಗೆ ಮೇಲಿನದು, ಹಂದಿ, ಜಿಂಕೆಗೆ ಕೆಳಗಿನದು. ಅಲ್ಲಿ ಜರ್ಮನಿಯ ಕಾಡಿನಲ್ಲಿ ಯಾವುದು ಎದುರಾಗುತ್ತದೋ ಗೊತ್ತಿರುತ್ತಿರಲಿಲ್ಲ. ಮೇಲಿನ ನಳಿಗೆಯಿಂದ ಎರಡೂ ಕೆಲಸ ಮಾಡಿಸಲು ಹೋಗಿ ಬಂದೂಕಿನ ಅರ್ಥವನ್ನೇ ಕೆಡಿಸಿದ ಹಾಗಾಗುತ್ತದೆ.

ಮತ್ತೆ ಒಂದು ವಿಷಯ. 1938ರಲ್ಲಿ ತೋಟಾದೊಳಗೆ ಮದ್ದಿಗೂ ಚರೆಗೂ ನಡುವೆ ಫೆಲ್ಟ್ ವಾಡ್ (ಒತ್ತಿದ ಉಣ್ಣೆಯ ಬಿಲ್ಲೆ) ಇರುತ್ತಿತ್ತು. ಈಗಿನ ಪ್ಲಾಸ್ಟಿಕ್ ಕಪ್ ವಾಡ್ ಚರೆಯನ್ನು ಬಟ್ಟಲಲ್ಲಿ ಹಿಡಿದ ಹಾಗೆ ಕೊಂಡೊಯ್ಯುತ್ತದೆ, ಅದರಿಂದ ಹರಡುವುದು ಇನ್ನೂ ಕಡಿಮೆ. ಸ್ವಲ್ಪ ಸಡಿಲ ಬೇಕು ಅಂದರೆ ಫೆಲ್ಟ್ ಅಥವಾ ನಾರಿನ ವಾಡ್ ಇರುವ ತೋಟಾ ಹುಡುಕು. ಬಂದೂಕು ಮುಟ್ಟದೆ ಚೋಕ್ ಬದಲಿಸಿದ ಹಾಗೇ ಆಗುತ್ತದೆ.

ರಾಣೆಬೆನ್ನೂರ್_ರಸ್ತೆ

ಎಲ್ಲ ಓದಿದೆ. ಯಾರೂ ನೇರವಾಗಿ ಹೇಳದ ಒಂದು ಮಾತು ಹೇಳಬೇಕು. ಬಂದೂಕಿನ ಲೈಸೆನ್ಸ್ ಬೇರೆ, ಪ್ರಾಣಿ ಹೊಡೆಯುವ ಅನುಮತಿ ಬೇರೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸಿನಲ್ಲಿ ಬರೆದಿದ್ದರೂ ಹಂದಿಗೆ ಗುಂಡು ಹಾಕಲು ಅದು ಸಾಲದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿದೆ. ಬೆಳೆಗೆ ಹಾನಿ ಇದ್ದರೆ ಅರಣ್ಯ ಇಲಾಖೆಯ ಅಧಿಕಾರಿ ಲಿಖಿತ ಅನುಮತಿ ಕೊಡಬೇಕು, ಅದು ಕೈಗೆ ಬರುವವರೆಗೆ ಟ್ರಿಗರ್ ಮುಟ್ಟುವ ಹಾಗಿಲ್ಲ. ನೀವು ಅರ್ಜಿ ಕೊಟ್ಟು ಕಾಯುತ್ತಿದ್ದೀರಿ, ಅದು ಸರಿಯಾದ ದಾರಿ. ಬೆಳೆ ಹಾನಿ ಪರಿಹಾರಕ್ಕೂ ಜೊತೆಗೇ ಅರ್ಜಿ ಹಾಕಿ, ಮಲಗಿದ ಬೆಳೆಯ ಫೋಟೋ ತೆಗೆದಿಡಿ.

ನಮ್ಮ ಕಡೆ ಕೃಷ್ಣಮೃಗ ಇವೆ. 1974ರಿಂದ ಅಭಯಾರಣ್ಯ, 119 ಚದರ ಕಿ.ಮೀ. ಆದರೆ ಅವು ಗಡಿ ನೋಡುವುದಿಲ್ಲ, ಹೊಲಕ್ಕೆ ಬರುತ್ತವೆ. ಕತ್ತಲಲ್ಲಿ ಬೆಳೆ ಅಲುಗಾಡಿದರೆ ಅದು ಹಂದಿಯೋ, ಕೃಷ್ಣಮೃಗದ ಮರಿಯೋ, ಹೊಲ ಕಾಯಲು ಮಲಗಿದ ಪಕ್ಕದ ಹೊಲದ ಅಣ್ಣನೋ ಗೊತ್ತಾಗುವುದಿಲ್ಲ. ಗೋವಿನಜೋಳ ಎದೆಮಟ್ಟ ಬೆಳೆದಾಗ ಬದುವಿನ ಮೇಲೆ ಕಂಬಳಿ ಹೊದ್ದು ಮಲಗುವವರು ಎಷ್ಟು ಜನ ಇದ್ದಾರೆ ನಿಮಗೇ ಗೊತ್ತು. ರೈಫಲ್ ಗುಂಡು ಗುರಿ ತಪ್ಪಿದರೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ, ನಮ್ಮದು ಬಯಲುಸೀಮೆ, ತಡೆಯಲು ಗುಡ್ಡವೂ ಇಲ್ಲ.

ಧಾರವಾಡ_ಟ್ರ್ಯಾಪ್

ಹೌದು, ಅದಕ್ಕೇ ಟ್ರ್ಯಾಪ್‌ಗೆ ಬಂದಾಗಲೂ ಹೇಳುತ್ತೇನೆ: ರೈಫಲ್ ನಳಿಗೆ ಖಾಲಿ. ಆಕಾಶಕ್ಕೆ ಎತ್ತಿ ಹೊಡೆಯುವ ಆಟದಲ್ಲಿ ಅದರೊಳಗೆ ತೋಟಾ ಇರಲೇಬಾರದು. ಯಾವ ಟ್ರಿಗರ್ ಯಾವ ನಳಿಗೆಗೆ ಅಂತ ಖಾಲಿ ಬಂದೂಕಿನಲ್ಲಿ ಮನೆಯಲ್ಲೇ ಗುರುತು ಮಾಡಿಕೊಳ್ಳಿ.

ಅಳತೆ ಮುಗಿದು ಚೇಂಬರ್‌ಗೆ ಸರಿಹೊಂದುವ ತೋಟಾ ಸಿಕ್ಕಮೇಲೆ, ರೇಂಜ್‌ನಲ್ಲಿ ಅನುಮತಿ ತಗೊಂಡು ಪ್ಯಾಟರ್ನ್ (ಚರೆ ಹೇಗೆ ಹರಡುತ್ತದೆ ಅನ್ನುವುದು) ಹೊಡೆದು ನೋಡಿ. ದೊಡ್ಡ ಕಾಗದ, ನಾಲ್ಕು ಕ್ಯಾಲೆಂಡರ್ ಹಾಳೆ ಹಿಂದುಮುಂದು ಅಂಟಿಸಿದರೂ ನಡೆಯುತ್ತದೆ. 36.5 ಮೀಟರ್ ದೂರ. ಹೊಡೆದ ಮೇಲೆ ಚರೆ ದಟ್ಟವಾಗಿ ಬಿದ್ದ ಜಾಗ ನಡುವಿಗಿಟ್ಟು 76 ಸೆಂ.ಮೀ. ವೃತ್ತ ಎಳೆದು, ಪೆನ್ನಿನಲ್ಲಿ ಗುರುತು ಹಾಕುತ್ತಾ ಎಣಿಸಿ. ಇಂಗ್ಲಿಷ್ ಅಳತೆಯ 6 ನಂಬರ್ ಒಂದು ಔನ್ಸ್‌ಗೆ 270 ಚರೆ. ಒಂದು ಹೊಡೆತ ನೋಡಿ ತೀರ್ಮಾನ ಮಾಡಬೇಡಿ, ಕನಿಷ್ಠ ಮೂರು.

ಹಾನಗಲ್_ಹೊಲ

ತಡವಾಗಿ ಬರೆಯುತ್ತಿದ್ದೇನೆ, ಬಿತ್ತನೆ ಇತ್ತು. ಬಂದೂಕಿನ ಅಂಗಡಿಯಲ್ಲಿ ಅಳೆಸಿದೆ. ಚೇಂಬರ್ 65. ಬೋರ್ 18.5, ಬಾಯಿ 17.5. ಹೊರಗಿನ ವ್ಯಾಸ 21.1. ಮಾಸ್ತರ್ ಹೇಳಿದ ಲೆಕ್ಕಕ್ಕಿಂತಲೂ ಕಡಿಮೆ, ಕೊರೆಸಿದ್ದರೆ ಕಾಲು ಮಿ.ಮೀ. ಉಳಿಯುತ್ತಿತ್ತು. ಅಂಗಡಿಯ ಹಿರಿಯರು ನಳಿಗೆಯನ್ನು ಬೆರಳಿನಿಂದ ನೇತುಹಾಕಿ ಉಗುರಲ್ಲಿ ತಟ್ಟಿದರು. ಗಂಟೆಯ ಹಾಗೆ ಬಹಳ ಹೊತ್ತು ಗುಂಯ್ ಅಂದಿತು. ಬೆಸುಗೆ ಎಲ್ಲೂ ಬಿಟ್ಟಿಲ್ಲ, ಬಿಟ್ಟಿದ್ದರೆ ಮಡಕೆ ಒಡೆದ ಸದ್ದು ಬರುತ್ತಿತ್ತು ಅಂದರು.

65ರ ತೋಟಾ 6 ನಂಬರ್ ಒಂದು ಡಬ್ಬಿ ತಗೊಂಡೆ. ರೇಂಜ್‌ನಲ್ಲಿ ಮೂರು ಹೊಡೆದೆ. ಎಣಿಸಲು ತಂಗಿಯೂ ಕೂತಳು. 197, 204, 191. 270ಕ್ಕೆ ಲೆಕ್ಕ ಹಾಕಿದರೆ 73, 76, 71 ಶೇಕಡಾ. ಎಂಬತ್ತಕ್ಕೂ ಮೇಲೆ ವರ್ಷ ಆದ ನಳಿಗೆ! ಅಪ್ಪ ಇದ್ದಿದ್ದರೆ ಆ ಕಾಗದ ಮಡಚಿ ಜೇಬಲ್ಲಿ ಇಟ್ಟುಕೊಳ್ಳುತ್ತಿದ್ದರು.

ಕೊರೆಸುವುದಿಲ್ಲ. ಟ್ರ್ಯಾಪ್‌ಗೆ ಮುಂದಿನ ತಿಂಗಳಿಂದ ಹೋಗುತ್ತೇನೆ. ಹಂದಿಯ ವಿಷಯಕ್ಕೆ ಇಲಾಖೆಯವರು ಬಂದು ಹೊಲ ನೋಡಿ ಹೋಗಿದ್ದಾರೆ, ಕಾಗದ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ನಾನು ಮತ್ತು ಪಕ್ಕದ ಹೊಲದವರು ಪಾಳಿ ಹಾಕಿ, ತಗಡಿನ ಡಬ್ಬಿ ಬಡಿದು ಕಾಯುತ್ತಿದ್ದೇವೆ.

ಇನ್ನೊಂದೇ ಪ್ರಶ್ನೆ ಮಾಸ್ತರ್. ಅಜ್ಜನ ಪೆಟ್ಟಿಗೆಯಲ್ಲಿ ರೈಫಲ್‌ನ ಹಳೇ ತೋಟಾ ನಾಲ್ಕು ಸಿಕ್ಕವು, ಹಿತ್ತಾಳೆ ಹಸಿರುಗಟ್ಟಿದೆ. ಏನು ಮಾಡಲಿ?

ವರ್ಕ್‌ಶಾಪ್_ಮಾಸ್ತರ, ಹುಬ್ಬಳ್ಳಿ

ಹಾಕಲೇಬೇಡ. ಒರೆಸಲು, ಬಿಚ್ಚಲು ಹೋಗಬೇಡ. ನೀನು ತೋಟಾ ತಂದ ಅಂಗಡಿಯವರಿಗೆ ಫೋನ್ ಮಾಡಿ, ಲೈಸೆನ್ಸ್ ಪುಸ್ತಕ ಜೊತೆಗಿಟ್ಟುಕೊಂಡು ಹೋಗಿ ಅವರಿಗೆ ತೋರಿಸು, ಹೇಗೆ ಒಪ್ಪಿಸಬೇಕು ಅಂತ ಅವರೇ ಹೇಳುತ್ತಾರೆ. ಆ ಪ್ಯಾಟರ್ನ್ ಕಾಗದ ಮಾತ್ರ ಎಸೆಯಬೇಡ. ಹಿಂದೆ ದಿನಾಂಕ, ದೂರ, ಯಾವ ತೋಟಾ ಅಂತ ಬರೆದು ಬಂದೂಕಿನ ಪೆಟ್ಟಿಗೆಯಲ್ಲೇ ಇಡು.